ಹೊಸವರ್ಷಕ್ಕೆ ಒಣಗಿದ ಹೊಳೆ ಹಿಡ್ಕೊಂಡು ಹೋದ್ವಿ: ನನ್ನ ಅನುಭವ

ಚಿಕ್ಕಬಳ್ಳಾಪುರದೋರಿಗೆ ಹೊಸವರ್ಷ ಬಂತು ಅಂದ್ರೆ ಎಲ್ಲಿಗೆ ಹೋಗೋದು ಅನ್ನೋದೇ ತಲೆನೋವು. ನಂದಿಬೆಟ್ಟ ಮನೆ ಪಕ್ಕದಲ್ಲೇ ಇದೆ, ಆದ್ರೆ ಸುಮಾರು ವರ್ಷ 31ರ ಸಂಜೆಗೇ ಬೆಟ್ಟ ಬಂದ್ ಮಾಡಿಬಿಡ್ತಾರೆ. ಸುತ್ತಮುತ್ತ ರೆಸಾರ್ಟ್ ವಿಚಾರಿಸಿದ್ರೆ ಜೋಡಿಗೆ ಆರು ಸಾವಿರ ಕೇಳಿದ್ರು, ನಮಗೆ ಡಿಜೆ ಬೇಡ ಅಂದ್ರೂ ಅದೇ ರೇಟು. ನಾವು ಒಂಬತ್ತು ಜನ, ಅದ್ರಲ್ಲಿ ಅತ್ತೆಗೆ ಎಪ್ಪತ್ತರ ಹತ್ರ.

ಆಗ ನನಗೆ ಹೊಳೆದಿದ್ದು ಇದು. ನಂದಿ ಸೀಮೆಯಲ್ಲಿ ಐದು ಹೊಳೆ ಹುಟ್ತವೆ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ. ವರ್ಷಕ್ಕೊಂದು ಹೊಳೆ ಹಿಡಿಯೋದು, ಅದು ಎಲ್ಲಿ ಚೆನ್ನಾಗಿ ಕಾಣುತ್ತೋ ಅಲ್ಲೇ ಹೊಸವರ್ಷ. ನನ್ ಭಾವಮೈದ "ನೀರೇ ಇಲ್ದಿರೋ ಹೊಳೆ ಹಿಂದೆ ಏನು ನೋಡೋಕೆ ಹೋಗ್ತೀರಿ ಭಾವ" ಅಂದ. ಮನೇಲೂ ಯಾರಿಗೂ ನಂಬಿಕೆ ಇರ್ಲಿಲ್ಲ.

ಮೊದಲನೇ ವರ್ಷ ಅರ್ಕಾವತಿ, ಅಂದ್ರೆ ಕನಕಪುರ ಕಡೆ ಕಾವೇರಿ ಸೇರೋ ಸಂಗಮ. 31ರ ಮಧ್ಯಾಹ್ನ ಹೋದ್ವಿ, ಕತ್ತಲಾಗೋಕೆ ಮುಂಚೆ ಎಲ್ಲರನ್ನೂ ವಾಪಸ್ ಕಳಿಸಿದ್ರು, ರಾತ್ರಿ ಹನ್ನೆರಡಕ್ಕೆ ನಾವು ಯಾವುದೋ ಢಾಬಾ ಮುಂದೆ ನಿಂತಿದ್ವಿ, ಮಕ್ಕಳು ಕಾರಲ್ಲೇ ನಿದ್ದೆ. ಎರಡನೇ ವರ್ಷ ದಕ್ಷಿಣ ಪಿನಾಕಿನಿ ಸಮುದ್ರ ಸೇರೋ ಕಡಲೂರು. ಅದು ಪುದುಚೇರಿ ಪಕ್ಕ ಅನ್ನೋದನ್ನ ನಾನು ಲೆಕ್ಕಕ್ಕೆ ತಗೊಂಡಿರ್ಲಿಲ್ಲ, ಅಲ್ಲಿನ ರಶ್ ಪೂರ್ತಿ ಇಲ್ಲಿಗೆ ಇಳಿದಿತ್ತು. ನಾಲ್ಕು ಸಾವಿರ ಅಡ್ವಾನ್ಸ್ ಕೊಟ್ಟಿದ್ದ ಲಾಡ್ಜಿನವರು ರೂಮ್ ಬೇರೆಯವರಿಗೆ ಕೊಟ್ಟಿದ್ರು, ದುಡ್ಡೂ ವಾಪಸ್ ಬರ್ಲಿಲ್ಲ. ಮೇಲಿಂದ ಹಿಂಗಾರು ಮಳೆ ಇನ್ನೂ ಬಿಟ್ಟಿರ್ಲಿಲ್ಲ, ರಾತ್ರಿಯೆಲ್ಲಾ ಸುರೀತು. ಒಟ್ಟು ಹತ್ತಿರತ್ತಿರ 22 ಸಾವಿರ ಹೋಯ್ತು, ಆ ವರ್ಷ ಮನೇಲಿ ಹೊಳೆ ಅನ್ನೋ ಮಾತೇ ಎತ್ತೋ ಹಾಗಿರ್ಲಿಲ್ಲ.

ಮೂರನೇ ಸಲ ಉತ್ತರ ಪಿನಾಕಿನಿ ಹಿಡಿದೆ. ಆಂಧ್ರದಲ್ಲಿ ಪೆನ್ನಾ ಅಂತಾರೆ, 597 ಕಿಲೋಮೀಟರ್ ಹರಿದು ನೆಲ್ಲೂರು ದಾಟಿ ಸಮುದ್ರ ಸೇರುತ್ತೆ. ಈ ಸಲ ಪೂರ್ತಿ ಕೊನೆಗೆ ಹೋಗ್ದೆ ಮಧ್ಯದಲ್ಲಿ ಹೊಳೆ ದಂಡೆ ಮೇಲಿರೋ ಹಳೇ ಕೋಟೆ, ಗಂಡಿಕೋಟ ಆರಿಸ್ಕೊಂಡೆ. ಅಲ್ಲಿ ಟೆಂಟ್ ಹಾಕೋರು ಜಾಸ್ತಿ, ಸರ್ಕಾರಿ ಹೋಟೆಲ್ ವಿಚಾರಿಸಿದಾಗ ಫುಲ್ ಆಗಿತ್ತು. ನಾನು ಹತ್ತದಿನೈದು ಕಿಲೋಮೀಟರ್ ಈಚೆ ಜಮ್ಮಲಮಡುಗು ಊರೊಳಗಿನ ಸಾದಾ ಲಾಡ್ಜ್ ಹಿಡಿದೆ. ಮೂರು ರೂಮು, ಒಂದೊಂದು ಸಾವಿರದ ಇನ್ನೂರರ ಲೆಕ್ಕ. 31ಕ್ಕೂ ರೇಟ್ ಏರದ ಹಾಗೆ ಹೇಗೆ ಮಾತಾಡಿದೆ ಅನ್ನೋದು ನನ್ನ ಹತ್ರನೇ ಇರ್ಲಿ. ಮನೇಲಿ ತೆಲುಗು ಆಡೋರಾದ್ರಿಂದ ಅದೂ ಸ್ವಲ್ಪ ಕೆಲಸ ಮಾಡ್ತು.

ಬೆಳಗ್ಗೆ ನಾಲ್ಕೂವರೆಗೆ ಎರಡು ಕಾರಲ್ಲಿ ಹೊರಟ್ವಿ. ಬಾಗೇಪಲ್ಲಿ, ಕದಿರಿ ರೋಡ್ ಹತ್ತಿರ ಆಗ್ತಿತ್ತು, ಆದ್ರೆ ಹೊಳೆ ಗೌರಿಬಿದನೂರು ಕಡೆ ಹೋಗುತ್ತಲ್ಲ, ನಾನೂ ಅಲ್ಲೇ ಹೋದೆ. ವಿದುರಾಶ್ವತ್ಥದ ಹತ್ರ ನದಿ ಅನ್ನೋದು ಬರೀ ಮರಳು, ಜಾಲಿ. ಹಿಂದೂಪುರದಲ್ಲೂ ಹಾಗೇ. ಭಾವಮೈದ ಮಾತಾಡ್ಲಿಲ್ಲ, ಮುಖದಲ್ಲೇ ಗೊತ್ತಾಗ್ತಿತ್ತು. ತಾಡಿಪತ್ರಿ ತಲುಪಿದಾಗ ಹನ್ನೊಂದಾಗಿತ್ತು. ಹೊಳೆ ದಡದಲ್ಲಿ ಬುಗ್ಗ ರಾಮಲಿಂಗೇಶ್ವರ ಗುಡಿ, ವಿಜಯನಗರ ಕಾಲದ್ದು, ಗೋಪುರ ಅರ್ಧಕ್ಕೇ ನಿಂತಿದೆ, ಆದ್ರೆ ಆ ಅರ್ಧದಲ್ಲೇ ಬೆರಳಿಡೋಕೆ ಜಾಗ ಇಲ್ದಷ್ಟು ಕೆತ್ತನೆ. ಬುಗ್ಗ ಅಂದ್ರೆ ಊಟೆ. ಹೊರಗೆ ಹೊಳೆ ಒಣಗಿದ್ರೂ ಒಳಗೆ ಲಿಂಗದ ಹತ್ರ ನೀರು ಜಿನುಗ್ತಾ ಇರುತ್ತೆ. ಅತ್ತೆ ಆ ನೀರು ಕಣ್ಣಿಗೆ ಒತ್ಕೊಂಡ್ರು, ಅಲ್ಲಿಂದ ಮುಂದೆ ಅವರು ನನ್ ಪಾರ್ಟಿ.

ಬೇಲಂ ಗುಹೆ ಅಲ್ಲಿಂದ 30 ಕಿಲೋಮೀಟರ್ ಅಷ್ಟೆ, 31ಕ್ಕೇ ಮುಗಿಸ್ಕೊಳ್ಳಿ, ಒಂದನೇ ತಾರೀಖು ಕಾಲಿಡೋಕಾಗಲ್ಲ ಅಂದ್ರು ಅಲ್ಲಿಯೋರು. ಒಳಗೆ ಸೆಕೆ, ಬೆವರು ಕಿತ್ಕೊಂಡು ಬರುತ್ತೆ.

ಊಟದ ವಿಷಯ ಹೇಳ್ಬೇಕು, ಇದರಲ್ಲೂ ಮೂರು ವರ್ಷ ಪ್ರಯೋಗ ಮಾಡಿದ್ದೀನಿ. ರಸ್ತೆ ಪಕ್ಕ ಸ್ಟವ್ ಹಚ್ಚಿ ಮುದ್ದೆ ತೊಳಸಿದ್ರೆ ಗಾಳಿಗೆ ಉರಿ ನಿಲ್ಲಲ್ಲ, ಬರೀ ಗಂಟು. ಮನೇಲೇ ಮಾಡಿ ಹಾಟ್‌ಬಾಕ್ಸಲ್ಲಿ ಹಾಕಿದ್ರೆ ಐದಾರು ಗಂಟೆಗೆ ಮೇಲೆ ಚಕ್ಕೆ ಕಟ್ಟುತ್ತೆ. ಈ ಸಲ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ದೊಡ್ ಫ್ಲಾಸ್ಕಲ್ಲಿ ಹಿತಕಿದ ಬೇಳೆ ಸಾರು. ಡಿಸೆಂಬರಲ್ಲಿ ಸೊಗಡಿನ ಅವರೆ ನಮ್ ಕಡೆ ಬಿಟ್ರೆ ಎಲ್ಲಿ ಸಿಗುತ್ತೆ? ಮಧ್ಯಾಹ್ನ ಮುಚ್ಚಳ ತೆಗೆದಾಗ್ಲೂ ಹಬೆ ಬರ್ತಿತ್ತು.

ಒಂದನೇ ತಾರೀಖು ಐದಕ್ಕೆ ಲಾಡ್ಜ್ ಬಿಟ್ವಿ. ಎಲ್ಲರೂ ನಿಲ್ಲೋ ಕಡೆ ನಾವು ನಿಲ್ಲಲಿಲ್ಲ, ಕೋಟೆ ಒಳಗೇ ಇನ್ನೊಂದು ಬಂಡೆ ಇದೆ, ಹಿಂದಿನ ಸಂಜೆನೇ ನೋಡಿಟ್ಟಿದ್ದೆ, ಅದು ಎಲ್ಲಿ ಅಂತ ಬರೆದ್ರೆ ಮುಂದಿನ ವರ್ಷ ನನಗೇ ಜಾಗ ಇರಲ್ಲ. ಆರೂಮುಕ್ಕಾಲರ ಸುಮಾರಿಗೆ ಬಿಸಿಲು ಬಂತು. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ಕೆಳಗೆ ಅಷ್ಟಗಲ ತುಂಬಿದ ಹಸಿರು ನೀರು. ಕೆಳಗಡೆ ಮೈಲವರಂ ಅಣೆಕಟ್ಟು ಇರೋದ್ರಿಂದ ಜನವರಿಲೂ ನೀರು ನಿಂತಿರುತ್ತೆ. ಭಾವಮೈದ ಎರಡು ನಿಮಿಷ ಸುಮ್ನೆ ನಿಂತಿದ್ದು "ಇದು ನಮ್ ಹೊಳೇನಾ ಭಾವ?" ಅಂದ.

ಒಟ್ಟು ಖರ್ಚು ಪೆಟ್ರೋಲ್ ಸೇರಿ ಹದಿನಾಲ್ಕೂವರೆ, ಹದಿನೈದು ಸಾವಿರ, ತಲೆಗೆ ಸಾವಿರದ ಏಳುನೂರೂ ದಾಟಲಿಲ್ಲ. ಈ ಡಿಸೆಂಬರ್‌ಗೆ ಪಾಲಾರ್. ಬೇತಮಂಗಲ ಕೆರೆ ನೋಡ್ಕೊಂಡು ತಮಿಳುನಾಡು ಕಡೆ ಇಳಿಯೋದು, ರೂಮ್ ಹುಡುಕೋ ಕೆಲಸ ಭಾವಮೈದನೇ ಕೇಳಿ ತಗೊಂಡಿದ್ದಾನೆ.