ಹೈ-ರೆವಿಂಗ್ ಎನ್‌ಎ ಎಂಜಿನ್ನಿನ ರುಚಿ ಹಿಡಿಯುವುದು ಹೇಗೆ

ಟರ್ಬೊ ಇಲ್ಲದ, ಅಂದರೆ ಎನ್‌ಎ (ನ್ಯಾಚುರಲಿ ಆಸ್ಪಿರೇಟೆಡ್) ಎಂಜಿನ್ನಿನ, ಎಂಟು ಒಂಬತ್ತು ಸಾವಿರ ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಬಲ್ಲ ಸ್ಪೋರ್ಟ್ಸ್ ಕಾರನ್ನು ಮೊದಲ ಸಲ ಓಡಿಸಿದವರು ನಿರಾಶರಾಗಿ ಇಳಿಯುವುದುಂಟು. ಟರ್ಬೊ ಕಾರಿನ ಅಭ್ಯಾಸದಂತೆ ಮೂರು ಸಾವಿರ ದಾಟುವ ಮೊದಲೇ ಗೇರ್ ಏರಿಸುತ್ತ ಹೋದರೆ ಇಂಥ ಎಂಜಿನ್ ಸಪ್ಪೆಯಾಗಿಯೇ ತೋರುತ್ತದೆ. ಅದರ ಶಕ್ತಿ, ದನಿ, ಚುರುಕು ಎಲ್ಲವೂ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರಿನ ಕೊನೆಯ ಮೂರನೇ ಒಂದು ಭಾಗದಲ್ಲಿರುತ್ತವೆ. ಅಲ್ಲಿಗೆ ತಲುಪುವುದನ್ನೂ, ಎಂಜಿನ್ನಿಗೆ ಹಾನಿಯಾಗದಂತೆ ಅಲ್ಲಿ ಉಳಿಯುವುದನ್ನೂ ಚಾಲಕನೇ ಕಲಿಯಬೇಕು.

ಮೊದಲು ಕಾರಣವನ್ನು ತಿಳಿದುಕೊಳ್ಳೋಣ. ಟರ್ಬೊ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಎನ್‌ಎ ಎಂಜಿನ್ನಿಗೆ ಸಿಗುವುದು ವಾತಾವರಣದ ಒತ್ತಡ ಮಾತ್ರ. ಒಂದು ಸಲಕ್ಕೆ ಎಳೆದುಕೊಳ್ಳಬಹುದಾದ ಗಾಳಿಗೆ ಮಿತಿ ಇರುವುದರಿಂದ, ಎಂಜಿನ್ನಿನ ಗಾತ್ರವನ್ನು ಹೆಚ್ಚಿಸದೆ ಹೆಚ್ಚು ಶಕ್ತಿ ಬೇಕೆಂದರೆ ನಿಮಿಷಕ್ಕೆ ಹೆಚ್ಚು ಸಲ ಎಳೆದುಕೊಳ್ಳುವುದೇ ಮುಖ್ಯ ದಾರಿ. 1999ರಲ್ಲಿ ಬಂದ ಹೊಂಡಾ ಎಸ್2000 ಕಾರಿನ ಎರಡು ಲೀಟರ್ ಎಂಜಿನ್ 8,300 ಆರ್‌ಪಿಎಂನಲ್ಲಿ 240 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಅದರ ಗರಿಷ್ಠ ಟಾರ್ಕ್ (ತಿರುಚುವ ಬಲ) 208 ನ್ಯೂಟನ್ ಮೀಟರ್ ಅಷ್ಟೇ, ಅದೂ 7,500ರಲ್ಲಿ. ಅಷ್ಟು ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. ತಿರುಗುವ ವೇಗ ಎರಡು ಪಟ್ಟಾದರೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಡತ್ವದ ಬಲ ನಾಲ್ಕು ಪಟ್ಟಾಗುತ್ತದೆ. 9,000 ಆರ್‌ಪಿಎಂನಲ್ಲಿ ಪ್ರತಿ ಪಿಸ್ಟನ್ ಸೆಕೆಂಡಿಗೆ 300 ಸಲ ಓಟದ ದಿಕ್ಕನ್ನು ಬದಲಿಸುತ್ತದೆ. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮುಂದಿನ ಎಚ್ಚರಿಕೆಗಳು ಅತಿಯೆನಿಸುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ನಿಂತಲ್ಲೇ ಬಹಳ ಹೊತ್ತು ಬಿಸಿ ಮಾಡುವ ಅಗತ್ಯವಿಲ್ಲ. ನಿಧಾನವಾಗಿ ಹೊರಟು, ಮೂರೂವರೆ ನಾಲ್ಕು ಸಾವಿರದೊಳಗೇ ಓಡಿಸುತ್ತ ಹೋಗಬೇಕು. ಇಲ್ಲಿ ನೀರಿನ ಉಷ್ಣತೆಯ ಮುಳ್ಳನ್ನು ನಂಬುವಂತಿಲ್ಲ, ಏಕೆಂದರೆ ನೀರು ಹದಕ್ಕೆ ಬಂದು ಎಷ್ಟೋ ಹೊತ್ತಾದ ಮೇಲೆ ಆಯಿಲ್ ಬಿಸಿಯಾಗುತ್ತದೆ. ಆಯಿಲ್ ಉಷ್ಣತೆ ತೋರಿಸುವ ಮೀಟರ್ ಇದ್ದರೆ ಅದು ಸುಮಾರು 80 ಡಿಗ್ರಿ ತಲುಪುವವರೆಗೆ ಕಾಯಿರಿ. ಬಿಎಂಡಬ್ಲ್ಯು ತನ್ನ ಇ46 ಎಂ3 ಕಾರಿನ ಟ್ಯಾಕೋಮೀಟರಿನಲ್ಲಿ ಸಾಲು ದೀಪಗಳನ್ನಿಟ್ಟು, ಆಯಿಲ್ ಬಿಸಿಯಾದಂತೆ ಅವು ಒಂದೊಂದಾಗಿ ಆರಿ, ಎಷ್ಟರವರೆಗೆ ಹೋಗಬಹುದೆಂದು ಚಾಲಕನಿಗೆ ತಿಳಿಯುವಂತೆ ಮಾಡಿತ್ತು. ಇಷ್ಟು ಒಳ್ಳೆಯ ಏರ್ಪಾಡು ಇಂಥ ಪ್ರತಿಯೊಂದು ಕಾರಿನಲ್ಲೂ ಇರಬೇಕಿತ್ತೆಂದು ನನಗೆ ಅನಿಸುತ್ತದೆ.

ಆಯಿಲ್ ಹದಕ್ಕೆ ಬಂದ ಮೇಲೆ ಮುಖ್ಯವಾದದ್ದು ಗೇರಿನ ಲೆಕ್ಕ. ಎಸ್2000ನಲ್ಲಿ ಸುಮಾರು 6,000ದ ಹತ್ತಿರ ಕವಾಟಗಳನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ (ಕವಾಟವನ್ನು ಒತ್ತಿ ತೆರೆಯುವ ಉಬ್ಬು) ಕೆಲಸಕ್ಕೆ ಬರುತ್ತದೆ. ದನಿ ಒಮ್ಮೆಲೇ ಗಡುಸಾಗಿ, ಬೆನ್ನಿಗೆ ಸೀಟಿನ ಒತ್ತು ತಿಳಿಯುತ್ತದೆ. ಅದರ ಎರಡನೇ ಗೇರಿನ ಅನುಪಾತ 2.045, ಮೂರನೆಯದು 1.481. 7,500ರಲ್ಲಿ ಎರಡರಿಂದ ಮೂರಕ್ಕೆ ಏರಿಸಿದರೆ ಎಂಜಿನ್ ಸುಮಾರು 5,430ಕ್ಕೆ (7,500ನ್ನು 1.481ರಿಂದ ಗುಣಿಸಿ 2.045ರಿಂದ ಭಾಗಿಸಿದರೆ ಬರುವಷ್ಟು) ಇಳಿಯುತ್ತದೆ, ಅಂದರೆ ಆ ಕ್ಯಾಮ್ ಕೈಬಿಟ್ಟಿರುತ್ತದೆ. 8,800ರವರೆಗೆ ಎಳೆದು ಏರಿಸಿದರೆ ಇಳಿಯುವುದು ಸುಮಾರು 6,370ಕ್ಕೆ, ಎಳೆತ ಎಲ್ಲೂ ಕಡಿಯುವುದಿಲ್ಲ. ಒಂದು ಸಾವಿರದ ಮುನ್ನೂರು ಆರ್‌ಪಿಎಂ ತಾಳ್ಮೆಯಿಂದ ಕಾದದ್ದಕ್ಕೆ ಸಿಗುವ ಫಲ ಇದು. ನಿಮ್ಮ ಕಾರಿನ ಅನುಪಾತಗಳನ್ನು ಕೈಪಿಡಿಯಲ್ಲಿ ನೋಡಿ, ಪ್ರತಿ ಗೇರಿಗೂ ಇದೇ ಲೆಕ್ಕ ಹಾಕಿಟ್ಟುಕೊಳ್ಳಿ.

ಆಕ್ಸಿಲರೇಟರನ್ನು ತಟ್ಟನೆ ತುಳಿಯುವ ಬದಲು ಒತ್ತುತ್ತ ಹೋಗಿ. ಟರ್ಬೊ ತಿರುಗಿ ಒತ್ತಡ ಏರುವವರೆಗೆ ಕಾಯುವ ಮಾತೇ ಇಲ್ಲಿಲ್ಲವಾದ್ದರಿಂದ, ಪಾದ ಕದಲಿದಷ್ಟೇ ಎಂಜಿನ್ ಕದಲುತ್ತದೆ. ತಿರುವಿನ ನಡುವೆ ಒಂದು ಕೂದಲೆಳೆಯಷ್ಟು ಹೆಚ್ಚಿಸಬೇಕೆಂದರೆ ಅಷ್ಟೇ ಹೆಚ್ಚಿಸಬಹುದು. ನನ್ನ ಮಟ್ಟಿಗೆ ಈ ಎಂಜಿನ್ನುಗಳ ನಿಜವಾದ ಸೊಗಸು ದನಿಗಿಂತಲೂ ಈ ವಿಧೇಯತೆಯಲ್ಲಿದೆ. ಲೆಕ್ಸಸ್ ಎಲ್‌ಎಫ್‌ಎ ಕಾರಿನ 4.8 ಲೀಟರ್ ವಿ10 ಎಂಜಿನ್ ಐಡಲ್‌ನಿಂದ 9,000ಕ್ಕೆ 0.6 ಸೆಕೆಂಡಿನಲ್ಲಿ ಏರುತ್ತಿತ್ತು. ಮುಳ್ಳಿನ ಮೀಟರ್ ಅದರ ಜೊತೆ ಓಡಲಾರದೆಂದು ಡಿಜಿಟಲ್ ಟ್ಯಾಕೋಮೀಟರ್ ಇಡಬೇಕಾಯಿತು.

ಗೇರ್ ಇಳಿಸುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಗೇರ್ ಏರಿಸುವಾಗ ತಡವಾದರೆ ರೆವ್ ಲಿಮಿಟರ್ ಇಂಧನ ಕಡಿದು ಎಂಜಿನ್ನನ್ನು ಕಾಪಾಡುತ್ತದೆ. ಆದರೆ ಐದನೇ ಗೇರಿನಿಂದ ನಾಲ್ಕಕ್ಕೆ ಬರಬೇಕಾದವರು ಅವಸರದಲ್ಲಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಎಂಜಿನ್ನನ್ನು ತಿರುಗಿಸುವುದು ಇಂಧನವಲ್ಲ, ಓಡುತ್ತಿರುವ ಚಕ್ರಗಳು. ಆಗ ಯಾವ ಲಿಮಿಟರೂ ಉಪಯೋಗಕ್ಕೆ ಬರುವುದಿಲ್ಲ. ಕವಾಟಗಳ ಸ್ಪ್ರಿಂಗ್ ಹಿಡಿತ ತಪ್ಪಿ, ಕವಾಟವೂ ಪಿಸ್ಟನ್ನೂ ಡಿಕ್ಕಿ ಹೊಡೆಯಬಹುದು. ಆದ್ದರಿಂದ ಮೊದಲು ಬ್ರೇಕ್ ಹಿಡಿದು ವೇಗ ತಗ್ಗಿಸಿ, ಆಮೇಲೆ ಗೇರ್ ಇಳಿಸಿ. ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ಲಘುವಾಗಿ ತಟ್ಟಿ ಎಂಜಿನ್ನಿನ ವೇಗವನ್ನು ಕೆಳಗಿನ ಗೇರಿಗೆ ಹೊಂದಿಸಿ. ಲಿವರನ್ನು ಬಿಗಿಮುಷ್ಟಿಯಲ್ಲಿ ಎಳೆಯದೆ, ಅಂಗೈ ತೆರೆದು ಸರಿಸಿದರೆ ತಪ್ಪು ಗೇರಿಗೆ ಹೋಗುವ ಸಂಭವ ಕಡಿಮೆ.

ಸಾರ್ವಜನಿಕ ರಸ್ತೆಯಲ್ಲಿ ಇದೆಲ್ಲಕ್ಕೂ ಬೇಗನೆ ಮಿತಿ ಬಂದುಬಿಡುತ್ತದೆ. ಎಸ್2000 ಎರಡನೇ ಗೇರಿನಲ್ಲೇ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ಪೋರ್ಶೆ 911 ಜಿಟಿ3ಯ 9,000 ಆರ್‌ಪಿಎಂನ ನಾಲ್ಕು ಲೀಟರ್ ಎಂಜಿನ್ ಅದೇ ಗೇರಿನಲ್ಲಿ ಅದಕ್ಕಿಂತಲೂ ಹೆಚ್ಚಿನ ವೇಗದವರೆಗೆ ಎಳೆಯುತ್ತದೆ. ಮೂರನೇ ಗೇರಿನ ಕೊನೆಯನ್ನು ರೇಸ್ ಟ್ರ್ಯಾಕಿಗೇ ಮೀಸಲಿಡಿ.

ಹೀಗೆ ಓಡಿಸುವ ಎಂಜಿನ್ ಸ್ವಲ್ಪ ಆಯಿಲ್ ಸುಡುವುದು ಸಹಜ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಯಾರಕರು ಹೇಳಿದ ಕ್ರಮದಲ್ಲಿ ಆಗಾಗ ಡಿಪ್‌ಸ್ಟಿಕ್ ನೋಡಿ, ಮಟ್ಟವನ್ನು ಮೇಲಿನ ಗುರುತಿನ ಹತ್ತಿರವೇ ಇಟ್ಟುಕೊಳ್ಳಿ. ಮಟ್ಟ ತಗ್ಗಿದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲ್ ತನ್ನ ತೊಟ್ಟಿಯಾದ ಸಂಪಿನ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನೆಳೆಯಬಹುದು. ಕವಾಟಗಳ ಸಂದನ್ನು ಕೈಯಿಂದ ಹೊಂದಿಸುವ ಎಂಜಿನ್ ಆಗಿದ್ದರೆ, ಕೈಪಿಡಿಯಲ್ಲಿ ಹೇಳಿದ ಅವಧಿಗೆ ಸರಿಯಾಗಿ ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಿ.