ಸೌದೆಗೆ ಹೋಗಬೇಕಿದ್ದ ಪಿಯಾನೋ

ನನ್ನ ಹಳೇ ಪಿಯಾನೋ ನೋಡಿ, ಪಿನ್ ಬ್ಲಾಕ್ ಹೋಗಿದೆ, ಸೌದೆಗೆ ಹಾಕಿ ಅಂತ ಮುಂಬೈಯ ಇಬ್ಬರು ಟ್ಯೂನರ್‌ಗಳು ಹೇಳಿದ್ದರು. ಪಿನ್ ಬ್ಲಾಕ್ ಅಂದರೆ ತಂತಿ ಬಿಗಿಮಾಡುವ ಪಿನ್ನುಗಳು ಕೂರುವ ಮರ; ಅದರ ತೂತುಗಳು ಸಡಿಲವಾದರೆ ಶ್ರುತಿ ನಿಲ್ಲುವುದಿಲ್ಲ. ಸೂಪರ್ ಗ್ಲೂ ಹಾಕುತ್ತೇನೆ ಅಂದಾಗ ನಕ್ಕರು. ಆಮೇಲೆ ಎರಡು ಮಳೆಗಾಲ ಕಳೆದಿವೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅದು ಇನ್ನೂ ಶ್ರುತಿಯಲ್ಲೇ ಇದೆ.

ಬಾಂದ್ರಾದ ಹಳೇ ಮನೆಯೊಂದರಿಂದ ಹದಿನೈದು ಸಾವಿರಕ್ಕೆ ತಂದದ್ದು. ಹಮಾಲರಿಗೂ ಟೆಂಪೋಗೂ ಹೆಚ್ಚುಕಡಿಮೆ ಅಷ್ಟೇ ಹೋಯಿತು. ಎರಡನೇ ಮಹಡಿ ಅಲ್ವಾ! ಯಾರೂ ಹೆಸರು ಕೇಳದ ಜರ್ಮನ್ ಕಂಪನಿ, ಸೀರಿಯಲ್ ನಂಬರ್ ಹುಡುಕಿ ಏನೂ ಸಿಗಲಿಲ್ಲ. ‘ಮೇಡ್ ಇನ್ ಜರ್ಮನಿ’ ಅಂತಿದೆ, ಅಂದರೆ 1887ರ ಬ್ರಿಟಿಷ್ ಕಾನೂನು ಬಂದ ಮೇಲಿನದು. ಮುಚ್ಚಳದ ಒಳಗಿನ ಪದಕಗಳಲ್ಲಿ ಕೊನೆಯದು 1900ರ ಪ್ಯಾರಿಸ್ ಪ್ರದರ್ಶನದ್ದು. ಎಡಗಡೆಯ ಮೊದಲ ಮನೆ (ಬೆರಳಲ್ಲಿ ಒತ್ತುವ ಕೀ) ಕಿತ್ತು ನೋಡಿದರೆ, ಅದರ ಮರದ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಮಾರ್ಚ್ 1909’ ಅಂತ ಗೀಚಿದ್ದರು. ಇವೆರಡರ ನಡುವಿನದು ಅಂತಾಯಿತು. ಮನೆಗಳು 85, ಆ ಕಾಲಕ್ಕೆ ಸರಿಹೋಗುತ್ತದೆ.

ಕರಿ ಒಂದು ಒತ್ತಿದರೆ ಬಿಳಿ ಒಂದು ಕೇಳುತ್ತಿತ್ತು, ಅಂದರೆ ಶ್ರುತಿ ಅರ್ಧ ಸ್ವರ ಇಳಿದಿತ್ತು. ಬೆಳಿಗ್ಗೆ ಏರಿಸಿದ್ದು ಸಂಜೆಗೆ ಇಳಿಯುತ್ತಿತ್ತು. ಪಿನ್ ಒಳಗೆ ಬಡಿದೆ, ಕೆಲವು ವಾರ ನಿಂತಿತು ಅಷ್ಟೆ. ಸ್ಯಾಂಡ್‌ಪೇಪರ್ ಸುತ್ತಿದೆ, ಪಿನ್ ಕಿರುಗುಟ್ಟಿ ಜಿಗಿಯತೊಡಗಿತು. ಐದಾರು ಸಾವಿರ ಕೊಟ್ಟು ದಪ್ಪ ಪಿನ್ ತರಿಸಿದೆ. ಬ್ಲಾಕಿನ ಕೂದಲೆಳೆ ಬಿರುಕು ನೋಡಿ ಹಾಕುವ ಧೈರ್ಯ ಆಗಲಿಲ್ಲ, ಡಬ್ಬಿಯಲ್ಲೇ ಇವೆ. ಹೊಸ ಬ್ಲಾಕಿಗೆ ಲಕ್ಷದ ಮೇಲೆ ಕೇಳಿದರು.

ನನ್ನದರಲ್ಲಿ ಬ್ಲಾಕಿನ ಮರ ಎದುರಿಗೇ ಕಾಣುತ್ತದೆ, ಅದು ಅನುಕೂಲವಾಯಿತು. ಪಿಯಾನೋವನ್ನು ಬೆನ್ನ ಮೇಲೆ ಮಲಗಿಸಿ, ನೀರಿನಷ್ಟು ತೆಳುವಾದ ಗ್ಲೂ ತೊಟ್ಟು ತೊಟ್ಟಾಗಿ ಬಿಟ್ಟೆ. ಹನಿ ಪಿನ್ನಿನ ಬುಡದಲ್ಲಿ ಒಂದು ಕ್ಷಣ ಹೊಳೆದು, ಸರ್ರನೆ ಒಳಗೆ ಇಳಿಯುತ್ತದೆ. ಇಳಿಯುವುದು ನಿಲ್ಲುವ ತನಕ ಹಾಕಬೇಕು. ಕಿಟಕಿ ತೆರೆದಿಡಿ, ಕಣ್ಣು ಉರಿಯುತ್ತದೆ. ಎಲ್ಲರೂ ಮರೆಯುವ ಮಾತೊಂದಿದೆ: ಈ ಅಂಟು ಗಟ್ಟಿಯಾಗುವುದೇ ತೇವದಿಂದ. ಜುಲೈನಲ್ಲಿ ಹಾಕಿದರೆ ಮೇಲೆಯೇ ಕಟ್ಟಿಕೊಳ್ಳುತ್ತದೆ. ನಾನು ಜನವರಿಗೆ ಕಾದೆ. ಬಿರುಕಿನ ಜಾಗದಲ್ಲಿ ಬೇರೊಂದು ಉಪಾಯ ಮಾಡಿದೆ, ಅದು ನನ್ನ ಹತ್ತಿರವೇ ಇರಲಿ. ಪಿನ್ ತಿರುಗಿಸಲು ಬೇಕಾದ ಬಲ, ಅಂದರೆ ಅದರ ಬಿಗಿ, ಇಪ್ಪತ್ತೋ ಮೂವತ್ತೋ ಇಂಚ್-ಪೌಂಡ್ ಇದ್ದದ್ದು ಎಂಬತ್ತರ ಹತ್ತಿರ ಬಂತು. ಗ್ಲೂ ಖರ್ಚು ಎರಡು ಸಾವಿರವೂ ದಾಟಲಿಲ್ಲ. ಶ್ರುತಿಯನ್ನು ಒಂದೇ ಸಲ ಏರಿಸಲಿಲ್ಲ. ಎಲ್ಲ ತಂತಿಗಳ ಎಳೆತ ಸೇರಿದರೆ ಟನ್‌ಗಟ್ಟಲೆ, ತಂತಿಗಳಿಗೂ ವಯಸ್ಸಾಗಿದೆ.

ನಡುವೆ ಹುಳು ಓಡಿಸಲು ಬೇವಿನ ಸೊಪ್ಪು ಇಟ್ಟು ನೋಡಿದೆ. ಅವು ಸೊಪ್ಪಿನ ಪಕ್ಕದಲ್ಲೇ ಕೂತು ಡ್ಯಾಂಪರ್ ಫೆಲ್ಟ್ (ತಂತಿಯ ನಾದ ನಿಲ್ಲಿಸುವ ಉಣ್ಣೆಯ ತುಂಡು) ತಿಂದವು! ಮನೆಗಳ ಒಳಗಿನ ಸವೆದ ಬಟ್ಟೆಗೆ ಬಿಲಿಯರ್ಡ್ಸ್ ಟೇಬಲ್ಲಿನ ಚೂರು ಹಾಕಿದೆ, ಪರವಾಗಿಲ್ಲ. ಮಳೆಗಾಲದಲ್ಲಿ ತೇವ ಕಟ್ಟದಿರಲಿ ಅಂತ ಪಿಯಾನೋದ ಕೆಳಗಡೆ ನಲವತ್ತು ವಾಟಿನ ಹಳೇ ಬಲ್ಬ್ ಉರಿಸುತ್ತೇನೆ. ಎಲ್‌ಇಡಿ ಹಾಕಿದರೆ ಸುಮ್ನೆ ಬೆಳಕು, ಬಿಸಿ ಬರೋದಿಲ್ಲ.

ಬೇಸ್ ತಂತಿಗಳು, ಅಂದರೆ ಕೆಳಗಿನ ಸ್ವರದವು, ಮಾತ್ರ ಇನ್ನೂ ಮಂಕು. ಹೊಸದು ಸುತ್ತಿಸಲು ಇಪ್ಪತ್ತು ಸಾವಿರದ ಹತ್ತಿರ ಹೇಳುತ್ತಾರೆ. ನಕ್ಕವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ, ಗ್ಲೂ ಯಾವ ಕಂಪನಿಯದು ಅಂತ ಕೇಳಿದರು. ಹೇಳಿದೆ. ಬಿರುಕಿನ ವಿಷಯ ಹೇಳಲಿಲ್ಲ.