ಇಣುಕದೆ ಗೂಡು ನೋಡುವುದು

ಮನೆ ಪಕ್ಕ ಹಕ್ಕಿ ಗೂಡು ಕಟ್ಟಿದೆ ಎಂದು ಗೊತ್ತಾದ ಕೂಡಲೇ ಒಳಗೆ ಇಣುಕುವ ಆಸೆಯಾಗುತ್ತದೆ. ಬೇಡ. ಒಳಗಿನ ಸಮಾಚಾರವನ್ನು ಹೆತ್ತ ಹಕ್ಕಿಗಳ ಕೊಕ್ಕೇ ಹೇಳುತ್ತದೆ.

ಕೊಕ್ಕಿನಲ್ಲಿ ನಾರು, ಒಣಹುಲ್ಲು, ಜೇಡರ ಬಲೆ ಕಂಡರೆ ಗೂಡಿನ ಕೆಲಸ ಸಾಗಿದೆ. ಓಡಾಟ ಥಟ್ಟನೆ ಕಮ್ಮಿಯಾದರೆ ಗೂಡು ಬಿಟ್ಟುಹೋದವೆಂದು ತೀರ್ಮಾನಿಸಬೇಡಿ, ಮೊಟ್ಟೆಯಿಡುವ ಹೊತ್ತಿರಬಹುದು. ಸಣ್ಣ ಹಕ್ಕಿಗಳು ಸಾಮಾನ್ಯವಾಗಿ ದಿನಕ್ಕೊಂದು ಮೊಟ್ಟೆಯಿಡುತ್ತವೆ. ಎಷ್ಟೋ ಜಾತಿಗಳು ಮೊಟ್ಟೆಯಿಟ್ಟು ಮುಗಿಯುತ್ತ ಬಂದಾಗಲೇ ಕಾವಿಗೆ ಕೂರುವುದು. ಗುಬ್ಬಚ್ಚಿಗೆ ಕಾವು 11ರಿಂದ 14 ದಿನ, ಮರಿ ಗೂಡು ಬಿಡಲು ಮತ್ತೆರಡು ವಾರ. ಹುಳು ಕಚ್ಚಿಕೊಂಡು ಪದೇ ಪದೇ ಒಳಹೋಗುತ್ತಿದ್ದರೆ ಮರಿಯಾಗಿರಬೇಕು. ಹೊರಬರುವಾಗ ಬಿಳಿ ಗುಳಿಗೆಯಂಥದ್ದು ಕೊಕ್ಕಿನಲ್ಲಿದ್ದರೆ ಅನುಮಾನವೇ ಉಳಿಯದು: ಅದು ತೆಳುಪೊರೆ ಸುತ್ತಿಕೊಂಡ ಮರಿಯ ಹಿಕ್ಕೆ.

ಕೂರಲು ಮನೆಯೊಳಗಿನ ಕಿಟಕಿಯೇ ಒಳ್ಳೆಯದು. ದೀಪ ಆರಿಸಿ, ಪರದೆಯ ಸಂದಿಯಿಂದ ನೋಡಿ. ದೂರದ ಗೂಡಿಗೆ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ದಿನವೂ ಒಂದೇ ಹೊತ್ತಿಗೆ ಅರ್ಧ ಗಂಟೆ ಕೂತು ಎಷ್ಟು ಸಲ ಗುಟುಕು ತಂದವು, ಏನು ತಂದವು ಎಂದು ಬರೆದಿಡಿ. ಗುಟುಕು ಹಿಡಿದ ಹಕ್ಕಿ ಗೂಡಿಗೆ ಹೋಗದೆ ಕೊಂಬೆಯಲ್ಲೇ ಕೂತು ಚಡಪಡಿಸುತ್ತ ಕೂಗುತ್ತಿದ್ದರೆ ಅದಕ್ಕೆ ನಿಮ್ಮದೇ ಭಯ. ಅದು ಒಳಹೋಗುವವರೆಗೂ ಹಿಂದೆ ಸರಿಯಿರಿ.

ಫೋಟೊದ ಆಸೆಗೂ ಗೂಡು ಹಾಳಾಗುತ್ತದೆ. ಅಡ್ಡ ಬಂದ ಎಲೆ ಕಿತ್ತರೆ ನೆರಳು ಹೋಗುತ್ತದೆ, ಬತ್ತಲೆ ಮರಿಗಳು ಬಿಸಿಲಿಗೆ ಸಾಯುತ್ತವೆ, ಕಾಗೆಗೂ ಗೂಡು ಕಾಣಿಸುತ್ತದೆ. ಕೊಂಬೆ ಬಗ್ಗಿಸಿ ಕಟ್ಟುವುದೂ ಬೇಡ. ಗೂಡು ಕಟ್ಟುತ್ತಿರುವಾಗ ಗಾಬರಿಯಾದರೆ ಹಕ್ಕಿಗಳು ಅದನ್ನೇ ಬಿಟ್ಟುಬಿಡುವುದುಂಟು. ಮರಿಗೆ ಪುಕ್ಕ ತುಂಬಿದ ಮೇಲಂತೂ ಹತ್ತಿರ ಸುಳಿಯಲೇಬೇಡಿ. ಹೆದರಿದ ಮರಿಗಳು ಹಾರಲು ಬರುವ ಮೊದಲೇ ಹೊರಕ್ಕೆ ಜಿಗಿಯುತ್ತವೆ, ಮತ್ತೆ ಒಳಗಿಟ್ಟರೂ ನಿಲ್ಲುವುದಿಲ್ಲ.

ಕಣ್ಣು ಬಿಡದ ಬತ್ತಲೆ ಮರಿ ಕೆಳಗೆ ಬಿದ್ದಿದ್ದರೆ ಕೈಯಲ್ಲಿ ಬೆಚ್ಚಗೆ ಹಿಡಿದು ಗೂಡಿಗೆ ಸೇರಿಸಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ಪುಕ್ಕ ಬಂದು ಕುಪ್ಪಳಿಸುತ್ತಿರುವ ಮರಿಯನ್ನು ಮಾತ್ರ ಎತ್ತಿಕೊಂಡು ಬರಬೇಡಿ, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿಹಾಕಿ. ಗೂಡು ಬಿಟ್ಟ ಮೇಲೂ ಹೆತ್ತವು ಕೆಲವು ದಿನ ಗುಟುಕು ಕೊಡುತ್ತವೆ. ಆಗ ಪೊದೆಯ ಬುಡದತ್ತ ಕಣ್ಣಿಡಿ.